ಹದಿಮೂರು ಮೆಟ್ಟಿಲುಗಳು ಮತ್ತು ಉಮ್ಮನ ಒಂಟೆ

ನಮ್ಮ ಮನೆಯ ಮಹಡಿಗೆ 13 ಮೆಟ್ಟಿಲುಗಳಿವೆ. ಇಂಗ್ಲೆಂಡಿನ ಮಧ್ಯಭಾಗದ ಈ ಊರಿನಲ್ಲಿ ಒಂದಕ್ಕೊಂದು ಗೋಡೆ ತಾಗಿಸಿಕೊಂಡು ನಿಂತಿರುವ ಇಟ್ಟಿಗೆಯ ಮನೆಗಳ ಸಾಲಿನಲ್ಲಿ ನಮ್ಮದೂ ಒಂದು. ಮುಂಬಾಗಿಲು ತೆರೆದರೆ ಇಬ್ಬರು ಒಟ್ಟಿಗೆ ನಿಲ್ಲಲಾಗದಷ್ಟು ಇಕ್ಕಟ್ಟಾದ ಜಾಗ, ಎದುರಿಗೇ ಏಣಿಯಂತೆ ಕಡಿದಾದ ಮೆಟ್ಟಿಲು. ಕೆಳಗೆ ಎರಡು ಕೋಣೆ ಮತ್ತು ಅಡುಗೆಮನೆ. ಮೇಲೆ ಮಲಗುವ ಕೋಣೆಗಳು ಹಾಗೂ ಮನೆಗಿರುವ ಏಕೈಕ ಶೌಚಾಲಯ. ಮನೆ ಕೊಂಡಾಗ ನಾನು ಮೆಟ್ಟಿಲುಗಳನ್ನು ಎಣಿಸಿರಲಿಲ್ಲ. ಎಣಿಸಿದವರು ಉಮ್ಮ. ಎತ್ತರಕ್ಕೆ ಏರುವಾಗ ತಕ್ಬೀರ್, ತಗ್ಗಿಗೆ ಇಳಿಯುವಾಗ ತಸ್ಬೀಹ್ ಹೇಳುವುದು ಸಹಾಬಿಗಳ ರೂಢಿಯಾಗಿತ್ತೆಂದು ಅವರು ಬಾಲ್ಯದಲ್ಲಿ ಮದ್ರಸದಲ್ಲಿ ಕೇಳಿದ್ದರಂತೆ. ಹಾಗಾಗಿ ಮೇಲೆ ಹೋಗುವಾಗ 13 ಬಾರಿ ಅಲ್ಲಾಹು ಅಕ್ಬರ್, ಇಳಿಯುವಾಗ 13 ಬಾರಿ ಸುಬ್‌ಹಾನಲ್ಲಾಹ್. ಲೆಕ್ಕ ತಪ್ಪಿದ ದಿನ ಕಾಲು ನೋವು ಹೆಚ್ಚಾಗಿದೆ ಎಂದು ನಮಗೆ ತಿಳಿಯುತ್ತಿತ್ತು.

ಉಮ್ಮ ಪಾಣೆಮಂಗಳೂರಿನವರು. ನೇತ್ರಾವತಿಯ ದಡದ ಹಂಚಿನ ಮನೆ, ಅಂಗಳದಲ್ಲಿ ಬಾವಿ, ಮನೆಗೆ ಇದ್ದದ್ದು ಮೂರೇ ಮೆಟ್ಟಿಲು. ಉಪ್ಪ ತೀರಿಕೊಂಡ ಮರುವರ್ಷ, 2010ರಲ್ಲಿ, ಒಬ್ಬನೇ ಮಗನಾದ ನಾನು ಅವರನ್ನು ಇಲ್ಲಿಗೆ ಕರೆತಂದೆ. ಆಗ ಅವರಿಗೆ 66 ವರ್ಷ. ವಿಧವೆಯಾದ ವೃದ್ಧ ತಾಯಿಯನ್ನು ಕರೆಸಿಕೊಳ್ಳುವುದು ಅಂದು ಕಷ್ಟವಾಗಿದ್ದರೂ ಸಾಧ್ಯವಿತ್ತು. 2012ರ ಜುಲೈಯಲ್ಲಿ ಬ್ರಿಟನ್ ಸರಕಾರ ಆ ನಿಯಮಗಳನ್ನು ಬಹಳ ಬಿಗಿಗೊಳಿಸಿತು. ಆ ಬಳಿಕ ಹೆತ್ತವರನ್ನು ಕರೆಸಿಕೊಳ್ಳಲಾಗದೆ ಫೋನಿನಲ್ಲೇ ಅವರ ಮುಪ್ಪನ್ನು ನೋಡುತ್ತಿರುವ ಗೆಳೆಯರು ನನಗೆ ಅನೇಕರಿದ್ದಾರೆ. ಆದ್ದರಿಂದ ಉಮ್ಮ ನಮ್ಮ ಮನೆಯಲ್ಲಿರುವುದನ್ನು ನಾನು ಯಾವತ್ತೂ ಸಾಮಾನ್ಯ ಸಂಗತಿಯೆಂದು ಎಣಿಸಿದವನಲ್ಲ. ಹಾಗೆಂದು ಹೇಳಿಕೊಳ್ಳುತ್ತಿದ್ದೆ. ಆದರೆ ಅವರು ನೀರು ಕುಡಿಯುವುದನ್ನು ಬಿಟ್ಟದ್ದು ನನ್ನ ಗಮನಕ್ಕೆ ಬರಲಿಲ್ಲ.

ಮೊಣಕಾಲು ಸವೆದು ಮೆಟ್ಟಿಲು ಹತ್ತುವುದು ದುಸ್ತರವಾದಾಗ ನಾನು ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆ. ನಾನು ಪಾಳಿಗೆ ಹೋದಾಗ ನನ್ನ ಪತ್ನಿ ಹಿಂದಿನಿಂದ ಸೊಂಟ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸುತ್ತಿದ್ದಳು. ತಾಯಿಯನ್ನು ಹೊತ್ತು ಸೇವೆ ಮಾಡುವವನೆಂಬ ಭಾವ ನನ್ನೊಳಗೆ ಎಲ್ಲೋ ಸುಖ ಕೊಡುತ್ತಿತ್ತು. ಹೊರಿಸಿಕೊಂಡವರಿಗೆ ಏನನಿಸುತ್ತಿತ್ತು ಎಂದು ನಾನು ಕೇಳಿರಲಿಲ್ಲ. 2024ರ ಅಕ್ಟೋಬರಿನ ಒಂದು ಬೆಳಿಗ್ಗೆ ಉಮ್ಮ ನನ್ನನ್ನು ಉಪ್ಪನ ಹೆಸರು ಹಿಡಿದು ಕರೆದರು. ಬಾವಿಕಟ್ಟೆಯಲ್ಲಿ ಕೊಡಪಾನ ಬಿಟ್ಟು ಬಂದಿದ್ದೇನೆ, ಯಾರಾದರೂ ತನ್ನಿ ಎಂದರು. ಮೈ ಕಾದ ಹಂಚಿನಂತಿತ್ತು. ಆಸ್ಪತ್ರೆಯಲ್ಲಿ ಮೂತ್ರನಾಳದ ಸೋಂಕು ಎಂದರು. ವಯಸ್ಸಾದವರಲ್ಲಿ ನೀರಿನ ಕೊರತೆ ಮತ್ತು ಈ ಸೋಂಕು ಸೇರಿದರೆ ಬುದ್ಧಿ ಹೀಗೆ ಮಂಕಾಗುವುದುಂಟು, ಗುಣವಾಗುತ್ತದೆ ಎಂದು ವೈದ್ಯೆ ಸಮಾಧಾನ ಹೇಳಿದರು. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಪತ್ನಿಯಲ್ಲಿತ್ತು. "ಬೆಳಿಗ್ಗೆ ಅರ್ಧ ಲೋಟ, ಮಗ್ರಿಬ್ ಬಳಿಕ ಮಾತ್ರೆಗೆ ಒಂದು ಗುಟುಕು. ಹೆಚ್ಚು ಕುಡಿದರೆ ಮೇಲೆ ಹೋಗಬೇಕಾಗುತ್ತದಲ್ಲ ಎನ್ನುತ್ತಾರೆ. ನಾನು ನಿಮಗೆ ಎರಡು ಸಲ ಹೇಳಿದ್ದೆ."

ಹೇಳಿದ್ದಳು. ನನಗೆ ನೆನಪಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಹೆತ್ತವರ ಸೇವೆಯ ಕುರಿತು ನಮ್ಮ ವೇದಿಕೆಗಳಲ್ಲಿ ಬಹಳ ಪ್ರವಚನಗಳಾಗುತ್ತವೆ, ಕಣ್ಣೀರೂ ಹರಿಯುತ್ತದೆ. ಪ್ರವಚನ ಕೇಳಿ ಬಂದ ಮಗ ಆ ಸೇವೆಯನ್ನು ತನ್ನ ಹೆಂಡತಿಗೆ ಒಪ್ಪಿಸಿ ಮಲಗುತ್ತಾನೆ. ತಾಯಿಯ ಹೊಣೆ ಮಗನದ್ದು. ಸೊಸೆ ಮಾಡುವುದು ಆಕೆಯ ಔದಾರ್ಯ. ಇದು ನಮ್ಮ ಉಲಮಾಗಳು ಸ್ಪಷ್ಟವಾಗಿ ಹೇಳಿರುವ ವಿಷಯ. ನಮ್ಮ ಮನೆಗಳಲ್ಲಿ ಮಾತ್ರ ಅದು ತಲೆಕೆಳಗಾಗಿದೆ, ನನ್ನ ಮನೆಯೂ ಅದಕ್ಕೆ ಹೊರತಾಗಿರಲಿಲ್ಲ.

ಆಸ್ಪತ್ರೆಯಿಂದ ಮರಳಿದ ಮೇಲೆ ಮೂರು ದಾರಿಗಳಿದ್ದವು. ಕೆಳಗಿನ ಕೋಣೆಯಲ್ಲೇ ಮಂಚ ಹಾಕಿ ಪಕ್ಕದಲ್ಲಿ ಶೌಚದ ಕುರ್ಚಿ ಇಡುವುದು ಮೊದಲನೆಯದು. ನಮಾಝ್ ಮಾಡುವ ಕೋಣೆಯಲ್ಲಿ ಅದು ಬೇಡವೇ ಬೇಡ ಎಂದು ಉಮ್ಮ ಒಂದೇ ಮಾತಿನಲ್ಲಿ ನಿರಾಕರಿಸಿದರು. ಎರಡನೆಯದು ಸ್ಥಳೀಯ ಆಡಳಿತದ ಮೂಲಕ ಅನುದಾನ. ಅಂಗವೈಕಲ್ಯ ಉಳ್ಳವರ ಮನೆಯನ್ನು ಅವರಿಗೆ ಅನುಕೂಲವಾಗುವಂತೆ ಮಾರ್ಪಡಿಸಲು ಇಂಗ್ಲೆಂಡಿನಲ್ಲಿ ಗರಿಷ್ಠ 30,000 ಪೌಂಡುಗಳವರೆಗೆ ನೆರವು ನೀಡುವ ವ್ಯವಸ್ಥೆಯಿದೆ. ಸಂಬಂಧಪಟ್ಟವರ ಆದಾಯ ನೋಡುತ್ತಾರೆ, ಆಕ್ಯುಪೇಶನಲ್ ಥೆರಪಿಸ್ಟ್ ಮನೆಗೆ ಬಂದು ಅಗತ್ಯವನ್ನು ಪರಿಶೀಲಿಸುತ್ತಾರೆ. ನಮ್ಮ ಮನೆಗೂ ಒಬ್ಬ ಮಹಿಳೆ ಬಂದರು, ಉಮ್ಮನನ್ನು ನಡೆಸಿ ನೋಡಿದರು, ನಿಮಗೆ ಸ್ಟೇರ್‌ಲಿಫ್ಟ್ ಅಗತ್ಯವೆಂದು ಬರೆದುಕೊಂಡರು. ಕೆಲವು ತಿಂಗಳು ತಗಲಬಹುದು ಎಂದರು. ನಾನು ಅರ್ಜಿಗೆ ಸಹಿ ಹಾಕಲಿಲ್ಲ. ನನ್ನ ತಾಯಿಯ ಸೇವೆಗೆ ಸರಕಾರದ ಮುಂದೆ ಕೈಚಾಚುವುದೇ ಎಂದು ಪತ್ನಿಯೊಡನೆ ಹೇಳಿದೆ. ತವಕ್ಕುಲ್ ಎಂಬ ಪದವನ್ನೂ ಬಳಸಿದೆ. ಅದು ಬರಿಯ ಹಮ್ಮಾಗಿತ್ತು. ಆ ಮಹಿಳೆ ಕೊಡಲು ಬಂದದ್ದು ಭಿಕ್ಷೆಯಲ್ಲ, ನಾನೇ ಇಪ್ಪತ್ತು ವರ್ಷಗಳಿಂದ ತೆರಿಗೆ ಕಟ್ಟಿದ ವ್ಯವಸ್ಥೆಯ ಒಂದು ಪಾಲು.

ಮೂರನೆಯದು ಸ್ವಂತ ಖರ್ಚು. ನೇರವಾದ ಮೆಟ್ಟಿಲಿಗೆ ಹೊಸ ಸ್ಟೇರ್‌ಲಿಫ್ಟ್ ಅಳವಡಿಸಲು ನನಗೆ ಹೇಳಿದ ಬೆಲೆ ಎರಡೂವರೆ ಸಾವಿರ ಪೌಂಡ್. ನಾನು ಮಂಗಳೂರಿನ ಕೆಪಿಟಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರಗಳ ದುರಸ್ತಿ ನನ್ನ ಕೆಲಸ. ಒಂದು ಹಳಿ, ಒಂದು ಮೋಟಾರು, ಒಂದು ಕುರ್ಚಿ. ಇದಕ್ಕೆ ಅಷ್ಟು ಹಣವೇ ಎಂದು ನನ್ನ ತಾಂತ್ರಿಕ ಅಹಂಕಾರವೂ ಎದ್ದು ನಿಂತಿತು.

ಬಳಸಿದ ಸ್ಟೇರ್‌ಲಿಫ್ಟ್‌ಗಳು ಈ ದೇಶದಲ್ಲಿ ಸುಲಭವಾಗಿ ದೊರೆಯುತ್ತವೆ. ಕಾರಣ ಸರಳ: ಬಳಸುತ್ತಿದ್ದವರು ತೀರಿಕೊಂಡ ಮೇಲೆ ಅದು ಯಾರಿಗೂ ಬೇಡವಾಗುತ್ತದೆ, ಮನೆ ಮಾರುವ ಮುನ್ನ ತೆಗೆಸಬೇಕು. ಆದರೆ ಎಲ್ಲವೂ ಎಲ್ಲರಿಗೂ ಆಗುವುದಿಲ್ಲ. ತಿರುವುಳ್ಳ ಮೆಟ್ಟಿಲಿನ ಹಳಿಯನ್ನು ಆ ಮನೆಯ ಅಳತೆಗೇ ಬಾಗಿಸಿ ಮಾಡಿರುತ್ತಾರೆ, ಇನ್ನೊಂದು ಮನೆಗೆ ಅದು ನಿರುಪಯುಕ್ತ. ನೇರ ಮೆಟ್ಟಿಲಿನದ್ದಾದರೆ ಹಳಿ ಉದ್ದವಿದ್ದರೆ ಕತ್ತರಿಸಬಹುದು. ಕೆಳಗಿನಿಂದ ಮೇಲಕ್ಕೆ ನೋಡುವಾಗ ಹಳಿ ಎಡಕ್ಕೋ ಬಲಕ್ಕೋ ಎಂಬುದೂ ಹೊಂದಬೇಕು. ಮೆಟ್ಟಿಲಿನ ಅಗಲ ಸಾಕಷ್ಟಿರಬೇಕು, ನಮ್ಮದು 76 ಸೆಂಟಿಮೀಟರ್. ಹಳಿ ಕೆಳತುದಿಯಲ್ಲಿ ನೆಲದ ಮೇಲೆ ಒಂದಿಷ್ಟು ಮುಂದೆ ಚಾಚುತ್ತದೆ. ಅಲ್ಲೇ ಬಾಗಿಲಿದ್ದರೆ ಮಡಚುವ ಹಳಿ ಬೇಕು, ಅದು ಬೇರೆಯೇ ಗೋಜು. ನಮ್ಮ ಬಾಗಿಲಿಗೂ ಹಳಿಗೂ ನಡುವೆ ಒಂದು ಗೇಣು ಉಳಿಯಿತು. ಅಲ್‌ಹಮ್ದುಲಿಲ್ಲಾಹ್.

2025ರ ಜನವರಿಯಲ್ಲಿ ನಾನು ಕೊಂಡ ಯಂತ್ರ ನಮ್ಮ ಊರಿನಿಂದ ಒಂದು ಗಂಟೆಯ ದಾರಿಯಲ್ಲಿದ್ದ ಹಿರಿಯ ಇಂಗ್ಲಿಷ್ ವ್ಯಕ್ತಿಯೊಬ್ಬರ ಮನೆಯಲ್ಲಿತ್ತು. ಅವರ ತಾಯಿ ಆಗಸ್ಟ್ ತಿಂಗಳಲ್ಲಿ ತೀರಿಕೊಂಡಿದ್ದರು. ಕುರ್ಚಿಯ ತೋಳಿನ ಮೇಲೆ ಬೆರಳಿನ ಉಜ್ಜಿಗೆ ಬಣ್ಣ ಹೋಗಿದ್ದ ಜಾಗವಿತ್ತು. ಯಾರಿಗೆಂದು ಕೇಳಿದರು. ತಾಯಿಗೆಂದೆ. 150 ಪೌಂಡ್ ಎಂದು ಜಾಹೀರಾತಿನಲ್ಲಿ ಬರೆದಿದ್ದವರು ಹಣ ಬೇಡ ಎಂದರು. ನಾನು ಒತ್ತಾಯಿಸಿದ ಮೇಲೆ ನೂರು ತೆಗೆದುಕೊಂಡರು. ಆಮೇಲೆ ಹೇಳಿದರು: "ಒಂದು ವಿಷಯ ನೀವು ತಿಳಿದಿರಬೇಕು. ಅಮ್ಮ ಆಸ್ಪತ್ರೆಗೆ ಹೋದಂದಿನಿಂದ ಇದರ ಪ್ಲಗ್ ತೆಗೆದಿಟ್ಟಿದ್ದೇನೆ. ಬ್ಯಾಟರಿಗಳು ಮೂರು ವರ್ಷದವು. ಹೊಸದು ಹಾಕಿಸಿ." ಮಾರುವ ವಸ್ತುವಿನ ದೋಷವನ್ನು ಮುಚ್ಚಿಡದೆ ಹೇಳಬೇಕೆಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಆ ಮನುಷ್ಯ ಅದನ್ನು ಪೂರ್ಣವಾಗಿ ಪಾಲಿಸಿದರು. ನಾನು ತಲೆಯಾಡಿಸಿ, ಸ್ಪ್ಯಾನರ್ ತೆಗೆದುಕೊಂಡು ಬಿಚ್ಚಲು ಕುಳಿತೆ.

ನೋಡದವರಿಗಾಗಿ ಯಂತ್ರದ ರಚನೆ ಹೇಳುತ್ತೇನೆ. ಅಲ್ಯೂಮಿನಿಯಮ್ ಹಳಿ ಗೋಡೆಗೆ ತಾಗಿಕೊಂಡಿರುವುದಿಲ್ಲ, ಮೆಟ್ಟಿಲುಗಳ ಮೇಲೆಯೇ ಕಬ್ಬಿಣದ ಕಾಲುಗಳಲ್ಲಿ ನಿಂತಿರುತ್ತದೆ. ಹಳಿಯ ಉದ್ದಕ್ಕೂ ಗರಗಸದಂತಹ ಹಲ್ಲುಗಳ ಪಟ್ಟಿ. ಕುರ್ಚಿಯ ಕೆಳಗಿನ ಪೆಟ್ಟಿಗೆಯಲ್ಲಿ ಮೋಟಾರು, ಅದರ ಗಿಯರ್ ಚಕ್ರ ಆ ಹಲ್ಲುಗಳನ್ನು ಕಚ್ಚಿಕೊಂಡು ಏರುತ್ತದೆ. ಓಡುವುದು ನೇರ ಕರೆಂಟಿನಿಂದಲ್ಲ, ಪೆಟ್ಟಿಗೆಯೊಳಗಿನ 12 ವೋಲ್ಟಿನ ಎರಡು ಬ್ಯಾಟರಿಗಳಿಂದ. ಕರೆಂಟು ಹೋದರೂ ಮನುಷ್ಯ ನಡುವೆ ಸಿಲುಕಬಾರದೆಂಬುದು ಇದರ ಉದ್ದೇಶ. ಹಳಿಯ ಎರಡೂ ತುದಿಗಳಲ್ಲಿ ಚಾರ್ಜಿಂಗ್ ಬಿಂದುಗಳಿರುತ್ತವೆ. ಕುರ್ಚಿ ಅಲ್ಲಿ ನಿಂತಾಗ ಬ್ಯಾಟರಿ ತುಂಬುತ್ತದೆ.

ಭಟ್ಕಳ ಮೂಲದ ಗೆಳೆಯನೊಬ್ಬ ವ್ಯಾನ್ ತಂದಿದ್ದ. ಮೋಟಾರಿನ ಪೆಟ್ಟಿಗೆಯೊಂದೇ ಸುಮಾರು 50 ಕಿಲೋ. ಅದನ್ನು ನಮ್ಮ ಬಾಗಿಲೊಳಗೆ ತರುವಾಗ, "ಭಾಯ್, ಉಮ್ಮನನ್ನು ಹೊರುವುದು ಇದಕ್ಕಿಂತ ಸುಲಭ" ಎಂದು ಅವನು ನಗುತ್ತಿದ್ದ. ಒಳಗಿನಿಂದ ಉಮ್ಮ ಕೇಳಿಸಿಕೊಂಡರೆಂದು ಆಮೇಲೆ ತಿಳಿಯಿತು.

ಹಳಿ 4.62 ಮೀಟರ್ ಇತ್ತು, ನಮಗೆ ಬೇಕಾದದ್ದು 4.20. ಅದು ಎರಡು ತುಂಡುಗಳನ್ನು ಜೋಡಿಸಿದ ಹಳಿ. ತುದಿಗಳಲ್ಲಿ ಚಾರ್ಜಿಂಗ್ ಬಿಂದುಗಳಿರುವುದರಿಂದ ಅವುಗಳನ್ನು ಮುಟ್ಟದೆ ನಡುವಿನ ಜೋಡಣೆಯಲ್ಲೇ ಕತ್ತರಿಸುವುದು ಜಾಣತನವೆಂದು ಎಣಿಸಿದೆ. ಕತ್ತರಿಸಿ, ಜೋಡಿಸಿ, ಕಾಲುಗಳನ್ನು ಕೂರಿಸಲು ಡ್ರಿಲ್ ಹಿಡಿದೆ. ಮೊದಲ ರಂಧ್ರದಲ್ಲೇ ಡ್ರಿಲ್‌ನ ಮೊನೆಗೆ ಕಾರ್ಪೆಟ್ಟಿನ ಎಳೆ ಸಿಕ್ಕಿಕೊಂಡಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೆಟ್ಟಿಲಿನ ಉದ್ದಕ್ಕೂ ಒಂದು ಗೆರೆ ನೂಲು ಕಿತ್ತುಬಂತು. ಪತ್ನಿ ಏನೂ ಅನ್ನಲಿಲ್ಲ. ಅಡುಗೆಮನೆಯಿಂದ ಗೋಣಿ ಹೊಲಿಯುವ ದಬ್ಬಳ ತಂದು ಕೈಗಿತ್ತಳು. ಆ ಬಳಿಕ ಪ್ರತಿ ಜಾಗದಲ್ಲೂ ಮೊದಲು ದಬ್ಬಳದಿಂದ ಕಾರ್ಪೆಟ್ಟನ್ನು ಚುಚ್ಚಿ, ಎಳೆಗಳನ್ನು ಬದಿಗೆ ಸರಿಸಿ, ಆಮೇಲೆ ಡ್ರಿಲ್. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ವಿದ್ಯುತ್ ಮೀಟರ್ ಇದೆ. ಟಾರ್ಚ್ ಹಿಡಿದು ಒಳಗೆ ತೆವಳಿ, ತಂತಿ ಹಾದುಹೋಗುವ ಮೆಟ್ಟಿಲು ಯಾವುದೆಂದು ಗುರುತಿಸಿದ ಮೇಲೆಯೇ ಸ್ಕ್ರೂ ಹಾಕಿದೆ. ಇಷ್ಟರಮಟ್ಟಿಗೆ ಎಚ್ಚರವಹಿಸಿದ್ದೆನೆಂದು ನನ್ನ ಪರವಾಗಿ ಹೇಳಿಕೊಳ್ಳಬಹುದು.

ಮೊದಲ ಪ್ರಯಾಣಿಕರು ಅಕ್ಕಿ ಚೀಲಗಳು. 20 ಕಿಲೋದ ಮೂರು ಚೀಲಗಳನ್ನು ಕುರ್ಚಿಗೆ ಕಟ್ಟಿ ಗುಂಡಿ ಒತ್ತಿದೆ. ಜೋಡಣೆಯ ಜಾಗಕ್ಕೆ ಬಂದಾಗ ಟಕ್ಕೆಂದು ಜಿಗಿದು ಕುರ್ಚಿ ನಿಂತಿತು. ನೋಡಿದರೆ ನನ್ನ ಗರಗಸ ಒಂದು ಹಲ್ಲಿನ ನಡುಮಧ್ಯೆ ಹಾದುಹೋಗಿತ್ತು. ಹಲ್ಲಿನಿಂದ ಹಲ್ಲಿಗೆ ಇರಬೇಕಾದ ಅಂತರ ಅಲ್ಲಿ ಮೂರು ಮಿಲಿಮೀಟರ್ ತಪ್ಪಿತ್ತು. ದಿನವಿಡೀ ಇಂತಹ ಅಳತೆಗಳ ನಡುವೆಯೇ ಬದುಕುವವನು ನಾನು. ಮನೆಯ ಕೆಲಸವೆಂದರೆ ಅಳತೆ ಸಡಿಲವಾಗುತ್ತದೆ ನೋಡಿ. ಮರುದಿನ ಎರಡೂ ತುದಿಗಳನ್ನು ಹಲ್ಲಿನ ತಗ್ಗಿಗೆ ಸರಿಯಾಗಿ ಮತ್ತೊಮ್ಮೆ ಕತ್ತರಿಸಿದೆ. ಉಳಿದಿದ್ದ ತುಂಡಿನಿಂದ ಗಿಡ್ಡನೆಯ ಹಲ್ಲುಪಟ್ಟಿಯನ್ನು ಬಿಚ್ಚಿ, ಜೋಡಣೆಯ ಮೇಲೆ ಮಗುಚಿ ಕೂರಿಸಿದೆ. ಅದರ ಹಲ್ಲುಗಳು ಎರಡೂ ಬದಿಯ ತಗ್ಗುಗಳಲ್ಲಿ ಸಮನಾಗಿ ಕೂತಾಗ ಅಂತರ ತಾನಾಗಿ ಸರಿಯಾಗುತ್ತದೆ. ಹಾಗೆಯೇ ಬಿಗಿದು, ಪಟ್ಟಿಯನ್ನು ತೆಗೆದೆ. ಅಕ್ಕಿ ಚೀಲಗಳು ಸದ್ದಿಲ್ಲದೆ ಮೇಲೇರಿದವು. ಆದರೆ ಮೇಲ್ಗಡೆ ಪಾದದ ಹಲಗೆ ಮಹಡಿಯ ನೆಲಕ್ಕಿಂತ ತುಸು ಎತ್ತರದಲ್ಲಿ ನಿಲ್ಲುತ್ತಿತ್ತು. ಉಮ್ಮ ಎಡವಬಾರದೆಂದು ಅದು ನಿಲ್ಲುವ ಜಾಗವನ್ನು ಒಂದು ಸೆಂಟಿಮೀಟರ್ ಕೆಳಗೆ ಸರಿಸಿದೆ. ಆ ಒಂದು ಸೆಂಟಿಮೀಟರ್ ಬಗ್ಗೆ ಮುಂದೆ ಹೇಳುವುದಿದೆ.

ಬ್ಯಾಟರಿಗೆ ಮೀಟರ್ ಇಟ್ಟು ನೋಡಿದೆ. 25 ವೋಲ್ಟ್ ತೋರಿಸಿತು. ಹೊಸದಕ್ಕೆ 40 ಪೌಂಡ್. ಚೆನ್ನಾಗಿಯೇ ಇದೆಯಲ್ಲ, ಇನ್ನೊಂದು ವರ್ಷ ಹೋಗಲಿ ಎಂದುಕೊಂಡೆ. ಭಾರ ಹೊರಿಸದೆ ನೋಡಿದ ವೋಲ್ಟೇಜ್ ಬ್ಯಾಟರಿಯ ಆರೋಗ್ಯವನ್ನು ಹೇಳುವುದಿಲ್ಲ. ಇದನ್ನು ಕಾರ್ಖಾನೆಗೆ ಬರುವ ಹೊಸ ಹುಡುಗರಿಗೆ ಮೊದಲ ವಾರದಲ್ಲೇ ಕಲಿಸುವವನು ನಾನು.

ಉಮ್ಮ ಮೊದಲ ದಿನ ಬಿಸ್ಮಿಲ್ಲಾಹ್ ಹೇಳಿ ಕುಳಿತರು. ಬೆಲ್ಟ್ ಏಕೆ, ನಾನೇನು ವಿಮಾನದಲ್ಲಿದ್ದೇನೆಯೇ ಎಂದರು. ಕಟ್ಟದೆ ಬಿಡಲಿಲ್ಲ. ಮೇಲೇರಲು ಸುಮಾರು 40 ಸೆಕೆಂಡು. ಕುರ್ಚಿ ಅಡ್ಡಕ್ಕೆ ಮುಖ ಮಾಡಿರುವುದರಿಂದ ಎದುರಿಗಿನ ಗೋಡೆಯನ್ನೇ ನೋಡುತ್ತಾ, ಹಿಂದಿನಂತೆ ತಕ್ಬೀರ್ ಎಣಿಸುತ್ತಾ ಹೋದರು. ತುದಿಯಲ್ಲಿ ಕುರ್ಚಿಯನ್ನು ಮಹಡಿಯ ಕಡೆಗೆ ತಿರುಗಿಸಿ ಇಳಿಯಬೇಕು. ಮೆಟ್ಟಿಲಿನ ಕಡೆಗೆ ಇಳಿದರೆ ಬಿದ್ದಂತೆಯೇ. ಅದನ್ನು ಹತ್ತು ಸಲ ಅಭ್ಯಾಸ ಮಾಡಿಸಿದೆವು. ಹನ್ನೊಂದನೆಯ ಸಲ ಅವರು ನನ್ನ ಕೈ ಬಿಡಿಸಿಕೊಂಡರು. ಆ ದಿನ ಮಧ್ಯಾಹ್ನ ಯಾರನ್ನೂ ಕೂಗದೆ ಮೇಲೆ ಹೋಗಿ, ವುಝೂ ಮಾಡಿ, ಕೆಳಗೆ ಬಂದು ಕುಳಿತರು. ಮುಖದಲ್ಲಿ ನೀರಿನ ಹನಿಗಳು ಹಾಗೆಯೇ ಇದ್ದವು.

ಜುಮಾದ ಬಳಿಕ ನಾನು ಫೋನಿನಲ್ಲಿ ಚಿತ್ರಗಳನ್ನು ಎಲ್ಲರಿಗೂ ತೋರಿಸಿದೆ. ಊರಿನ ವಾಟ್ಸಾಪ್ ಗುಂಪಿಗೂ ಹಾಕಿದೆ. ಮಾಶಾ ಅಲ್ಲಾಹ್‌ಗಳ ಸುರಿಮಳೆ. ಸತ್ಕರ್ಮವನ್ನು ತೋರಿಕೆಗೆ ಇಡುವುದರ ಬಗ್ಗೆ ನಾನೇ ಇತರರಿಗೆ ಬುದ್ಧಿ ಹೇಳಿದ್ದುಂಟು.

ಮಾರ್ಚ್‌ನಲ್ಲಿ ರಮಝಾನ್ ಬಂತು. ಅಲ್ಲಿಯವರೆಗೆ ರಾತ್ರಿ ಕುರ್ಚಿಯನ್ನು ರಿಮೋಟಿನಿಂದ ಕೆಳಗೆ ಕಳುಹಿಸಿಡುತ್ತಿದ್ದೆವು. ಸಹ್ರಿಗೆ ತಾನೇ ಇಳಿದು ಬರುತ್ತೇನೆ, ಮೇಲೆಯೇ ಇರಲಿ ಎಂದು ಉಮ್ಮ ಹೇಳಿದರು. ಒಂದೆರಡು ದಿನಗಳಲ್ಲಿ ಮಹಡಿಯಲ್ಲಿ ರಾತ್ರಿ ಹೊತ್ತು ಕೀಚ್ ಕೀಚ್ ಎಂಬ ಸಣ್ಣ ಸದ್ದು ಶುರುವಾಯಿತು. ಕುರ್ಚಿ ನಿಲ್ಲುವ ಜಾಗದ ನೇರ ಮೇಲೆ ಛಾವಣಿಯಲ್ಲಿ ಹೊಗೆ ಎಚ್ಚರಿಕೆಯ ಗಂಟೆಯಿದೆ. ಅದರ ಬ್ಯಾಟರಿ ಮುಗಿದಾಗ ಹೀಗೆಯೇ ಕೂಗುತ್ತದೆ. ಒಂದು ಸಂಜೆ ಸ್ಟೂಲ್ ಹತ್ತಿ ಅದಕ್ಕೆ ಹೊಸ ಬ್ಯಾಟರಿ ಹಾಕಿದೆ. ಮತ್ತೆಯೂ ಕೂಗಿತು. ಎರಡನೆಯ ಪಾಳಿ, ತರಾವೀಹ್, ನಿದ್ದೆಗೇಡು. ಶನಿವಾರ ನೋಡೋಣ ಎಂದುಕೊಂಡೆ.

ಶುಕ್ರವಾರ ಬೆಳಗಿನ ಜಾವ ಮನೆಯಿಡೀ ನಡುಗುವಂತೆ ಹೊಗೆಯ ಗಂಟೆ ಬಾರಿಸಿತು. ಕೋಣೆಯಿಂದ ಹೊರಬಂದು ದೀಪ ಹಾಕಿದರೆ, ಮೆಟ್ಟಿಲಿನ ನಡುವೆ, ಕತ್ತಲಿನಲ್ಲಿ, ಉಮ್ಮ ಕುರ್ಚಿಯಲ್ಲಿ ಕುಳಿತಿದ್ದರು. ಬೆಲ್ಟ್ ಕಟ್ಟಿತ್ತು. ಕೈಯಲ್ಲಿ ತಸ್ಬೀಹ್. "ಒಲೆ ಆರಿಸು ಮೋನೆ, ಮೊದಲು ಒಲೆ" ಎಂದರು. ಹಳಿಯ ಮೇಲಿನಿಂದ ದಾಟಿ, ಗೋಡೆ ಸವರಿಕೊಂಡು ಅಡುಗೆಮನೆಗೆ ಓಡಿದೆ. ಕುಚ್ಚಲಕ್ಕಿ ಗಂಜಿಯ ಪಾತ್ರೆ ಬತ್ತಿ, ತಳ ಕರಿಯಾಗಿ, ಹೊಗೆ ಕವಿದಿತ್ತು.

ಆದದ್ದಿಷ್ಟು. ಮೂರು ಗಂಟೆಗೆ ಅವರು ಎದ್ದು, ವುಝೂ ಮಾಡಿ, ಕೆಳಗಿಳಿದು, ಬೇಯಲು ಹೊತ್ತು ಬೇಕೆಂದು ಗಂಜಿಗೆ ಇಟ್ಟಿದ್ದರು. ತಹಜ್ಜುದ್‌ಗೆಂದು ಮರಳಿ ಮೇಲೇರುವಾಗ ಎಂಟನೆಯ ಮೆಟ್ಟಿಲಿನ ಬಳಿ ಕುರ್ಚಿ ನಿಂತುಬಿಟ್ಟಿತು. ಅಲ್ಲಿ ಅವರು ಸುಮಾರು ಒಂದು ಗಂಟೆ ಕುಳಿತಿದ್ದರು.

"ಏಕೆ ಕರೆಯಲಿಲ್ಲ ಉಮ್ಮ?"

"ನೀನು ಹನ್ನೆರಡಕ್ಕೆ ಮಲಗಿದ್ದಲ್ಲ. ನಾಲ್ಕಕ್ಕೆ ಹೇಗೂ ಏಳುತ್ತೀರಿ ಎಂದುಕೊಂಡೆ. ಸೀದ ವಾಸನೆ ಬಂದ ಮೇಲೆ ಕರೆದೆ. ಬಾಗಿಲು ಹಾಕಿತ್ತು, ಕೇಳಿಸಲಿಲ್ಲ."

ಅವರ ಕಾಲ ಕೆಳಗಿನ ಹಲಗೆಯಿಂದ ಮೆಟ್ಟಿಲಿಗೆ ಎಷ್ಟು ಅಂತರವಿದೆಯೆಂದು ನೋಡಿದೆ. ಒಲೆಯ ಗಾಬರಿಯಲ್ಲಿ ಬೆಲ್ಟ್ ಬಿಚ್ಚಿ ಇಳಿಯಲು ಹೊರಟಿದ್ದರೆ? ನನ್ನ ಕೈಗಳು ನಡುಗತೊಡಗಿದವು. ಪತ್ನಿ ಮೇಲಿನಿಂದ, ನಾನು ಕೆಳಗಿನಿಂದ ಹಿಡಿದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಕುಳಿತುಕೊಂಡೇ ಇಳಿಸಿದೆವು. ಇಳಿಯುವಾಗ ಅವರು ಪ್ರತಿ ಮೆಟ್ಟಿಲಿಗೂ ಸುಬ್‌ಹಾನಲ್ಲಾಹ್ ಹೇಳುತ್ತಿದ್ದರು. ಕೆಳಗೆ ಬಂದು ಕುಳಿತ ಮೇಲೆ ಅವರ ಮುಖದಲ್ಲಿ ನಗು ಕಾಣಿಸಿಕೊಂಡಿತು. "ತಹಜ್ಜುದ್ ತಪ್ಪಲಿಲ್ಲ. ಪ್ರವಾದಿ(ಸ) ಪ್ರಯಾಣದಲ್ಲಿ ಒಂಟೆಯ ಮೇಲೆ ಕುಳಿತೇ, ಅದು ಮುಖ ಮಾಡಿದ ದಿಕ್ಕಿಗೇ ಸುನ್ನತ್ ನಮಾಝ್ ಮಾಡುತ್ತಿದ್ದರಲ್ಲ. ನನಗೂ ಇದು ಒಂಟೆಯೇ. ನಡುದಾರಿಯಲ್ಲಿ ಮಲಗಿಬಿಟ್ಟಿತು, ಅಷ್ಟೆ."

ಒಂಟೆಯನ್ನು ಮೊದಲು ಕಟ್ಟಬೇಕು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕು ಎಂಬ ಪ್ರವಾದಿ ವಚನದ ಆಶಯವನ್ನು ಅರಿಯದವರು ನಮ್ಮಲ್ಲಿ ಯಾರಿದ್ದಾರೆ? ಉಮ್ಮ ಅದನ್ನು ಹೇಳಲಿಲ್ಲ. ಅವರು ಹೇಳದಿದ್ದುದರಿಂದಲೇ ನನಗೆ ಅದು ಕೇಳಿಸಿತು.

ಶನಿವಾರ ಕಾಯದೆ ಅಂದೇ ಸ್ಟೇರ್‌ಲಿಫ್ಟ್ ರಿಪೇರಿ ಮಾಡುವ ಒಬ್ಬರನ್ನು ಕರೆಸಿದೆ. 95 ಪೌಂಡ್ ಕೊಟ್ಟೆ. ಆ ಹಣ ನನಗೆ ಹೊರೆಯೆನಿಸಲಿಲ್ಲ. ಆತ ಹತ್ತು ನಿಮಿಷಗಳಲ್ಲಿ ಎಲ್ಲವನ್ನೂ ಕಂಡುಹಿಡಿದ. ನಾನು ಒಂದು ಸೆಂಟಿಮೀಟರ್ ಕೆಳಗೆ ನಿಲ್ಲಿಸಿದ್ದರಿಂದ ಮೇಲ್ತುದಿಯಲ್ಲಿ ಕುರ್ಚಿ ಚಾರ್ಜಿಂಗ್ ಬಿಂದುವನ್ನು ಮುಟ್ಟುತ್ತಲೇ ಇರಲಿಲ್ಲ. ಚಾರ್ಜ್ ಆಗುತ್ತಿಲ್ಲವೆಂದು ಯಂತ್ರ ರಾತ್ರಿಯಿಡೀ ಕೂಗಿ ಹೇಳುತ್ತಿತ್ತು. ಕೀಚ್ ಕೀಚ್ ಅದರದ್ದೇ ಧ್ವನಿ. ಹಳೆಯ ಬ್ಯಾಟರಿಗಳು ಭಾರ ಬಿದ್ದೊಡನೆ ಕುಸಿಯುತ್ತಿದ್ದವು. ಕೆಳಗಿನಿಂದ ಎರಡನೆಯ ಕಾಲಿನ ಸ್ಕ್ರೂಗಳಲ್ಲಿ ಒಂದು ಮೆಟ್ಟಿಲಿನ ಅಂಚಿಗೆ ತೀರ ಹತ್ತಿರವಿದ್ದು ಮರ ಸೀಳತೊಡಗಿತ್ತು. ಇದು ನನ್ನ ಗಮನಕ್ಕೇ ಬಂದಿರಲಿಲ್ಲ. "ಜೋಡಣೆ ಮಾತ್ರ ಬಹಳ ಚೆನ್ನಾಗಿ ಮಾಡಿದ್ದೀರಿ" ಎಂದು ಆತ ಹೇಳಿದ. ಅಂದು ಆ ಹೊಗಳಿಕೆ ನನಗೆ ಹಿತವಾಗಲಿಲ್ಲ.

ಸ್ವತಃ ಅಳವಡಿಸಬಹುದೇ ಎಂದು ಆ ಚಿತ್ರಗಳನ್ನು ನೋಡಿದ ಇಬ್ಬರು ನನ್ನನ್ನು ಕೇಳಿದ್ದಾರೆ. ಕೈಗೆ ಕೆಲಸ ಗೊತ್ತಿದ್ದವರಿಗೆ ಅದು ಅಸಾಧ್ಯವಲ್ಲ. ಆದರೆ ಬ್ಯಾಟರಿ ಹೊಸದೇ ಹಾಕಿ, ಎರಡೂ ತುದಿಗಳಲ್ಲಿ ಚಾರ್ಜ್ ಆಗುತ್ತಿದೆಯೇ ಎಂದು ನೋಡಿ, ಹೆತ್ತವರನ್ನು ಕೂರಿಸುವ ಮುನ್ನ ಈ ಕೆಲಸ ಬಲ್ಲ ಒಬ್ಬರಿಂದ ಪರೀಕ್ಷೆ ಮಾಡಿಸಿ ಎಂದು ಹೇಳಿದೆ. ಅದಕ್ಕೂ ಮೊದಲು ಅನುದಾನದ ಅರ್ಜಿ ಹಾಕಿ ಎಂದೂ ಹೇಳಿದೆ. ಒಬ್ಬರು ಹಾಕಿದ್ದಾರೆ. ಇನ್ನೊಬ್ಬರು ನಾನು ಅಂದು ಆಡಿದ ಮಾತನ್ನೇ ನನಗೆ ಹೇಳಿದರು.

ಆ ಇಂಗ್ಲಿಷ್ ವ್ಯಕ್ತಿಗೆ ಈದ್‌ನ ದಿನ ಫೋನ್ ಮಾಡಿದೆ. ಬ್ಯಾಟರಿಯ ವಿಷಯದಲ್ಲಿ ನಿಮ್ಮ ಮಾತು ಕೇಳಬೇಕಿತ್ತು ಎಂದೆ. ಅವರು ಮೌನವಾಗಿದ್ದು, ನಿಮ್ಮ ತಾಯಿ ಕುರ್ಚಿಯ ಯಾವ ತೋಳನ್ನು ಹಿಡಿದುಕೊಳ್ಳುತ್ತಾರೆ ಎಂದು ಕೇಳಿದರು. ನಾನು ನೋಡಿರಲಿಲ್ಲ. ಹೋಗಿ ನೋಡಿ ಬಂದು ಹೇಳಿದೆ. ಎಡಗಡೆಯದು, ಬಣ್ಣ ಹೋದ ಜಾಗದಲ್ಲೇ.

ಈಗ ಮಲಗುವ ಮುನ್ನ ಉಮ್ಮನ ಮಂಚದ ಬಳಿ ಒಂದು ದೊಡ್ಡ ಲೋಟದಲ್ಲಿ ನೀರು ಇಡುವ ಕೆಲಸ ನನ್ನದು. ಬೆಳಿಗ್ಗೆ ಫಜ್ರ್‌ಗೆ ಎದ್ದಾಗ ಮೊದಲು ನೋಡುವುದು ಅದನ್ನೇ. ಹೆಚ್ಚಿನ ದಿನಗಳಲ್ಲಿ ಲೋಟ ಖಾಲಿಯಾಗಿರುತ್ತದೆ.